ಅಂಟಿಲ್ಲ, ಮೊಳೆ ಇಲ್ಲ: ಮಾವನ ಜೊತೆ ಪೀಪಾಯಿ ನೋಡೋಕೆ ಹೋದ ಕಥೆ

ಹೊರಡೋಕೆ ಮುಂಚೆ

ಮೊದಲು ನಮ್ಮನೆ ಹಿತ್ತಲಿನ ಅರ್ಧ ಪೀಪಾಯಿ ವಿಷಯ ಹೇಳಿಬಿಡ್ತೀನಿ, ಈ ಟ್ರಿಪ್ ಹುಟ್ಟಿದ್ದೇ ಅದರಿಂದ. ಇಲ್ಲಿ ಸ್ಕಾಟ್ಲೆಂಡಲ್ಲಿ ಗಾರ್ಡನ್ ಸೆಂಟರ್‌ಗಳಲ್ಲಿ ಹಳೇ ವಿಸ್ಕಿ ಪೀಪಾಯಿನ ಸೊಂಟದ ಹತ್ರ ಕೊಯ್ದು ಎರಡು ಹೋಳು ಮಾಡಿ ಗಿಡ ಹಾಕೋಕೆ ಮಾರ್ತಾರೆ. ನನ್ನ ಹೆಂಡ್ತಿ ಸುಮಾ ಅದರಲ್ಲಿ ನೀರು ತುಂಬಿಸಿ ತಾವರೆ ಬೆಳೆಸ್ತೀನಿ ಅಂತ ಒಂದು ಹೋಳು ತಂದ್ಲು. ತಂದಿದ್ದು ಸೆಪ್ಟೆಂಬರಲ್ಲಿ, ಆಮೇಲೆ ಚಳಿ ಬಂತು, ಅದನ್ನ ತಗೊಂಡೋಗಿ ಗ್ಯಾರೇಜಲ್ಲಿ ಬಾಯ್ಲರ್ ಪಕ್ಕ ಇಟ್ಟು ಮರೆತ್ವಿ. ಏಪ್ರಿಲಲ್ಲಿ ಹೊರಗೆ ಎಳೆದಾಗ ಕೆಳಗಿನ ಕಬ್ಬಿಣದ ಬಳೆ ಠಣ್ ಅಂತ ನೆಲಕ್ಕೆ ಬಿತ್ತು, ಹಲಗೆಗಳ ಮಧ್ಯೆ ಎಂಟಾಣೆ ನಾಣ್ಯ ತೂರಿಸೋಷ್ಟು ಸಂದು. ನಾನು ಇಂಜಿನಿಯರ್ ಅಲ್ವಾ, ಸಾಫ್ಟ್‌ವೇರ್ ಆದ್ರೇನು, ಸಂದಿಗೆಲ್ಲ ಸಿಲಿಕಾನ್ ಬಳಿದು, ಬಳೆಗೆ ಡ್ರಿಲ್ ಹಾಕಿ ಆರು ಸ್ಕ್ರೂ ತಿರುಗಿಸಿ, ನೀರು ತುಂಬಿಸಿ ಒಳಗೆ ಹೋಗಿ ಟೀ ಮಾಡ್ಕೊಂಡು ಬರೋಷ್ಟ್ರಲ್ಲಿ ಹಿತ್ತಲು ಕೆರೆ ಆಗಿತ್ತು.

ಮೇ ತಿಂಗಳಲ್ಲಿ ಮಾವ ತಿಪಟೂರಿಂದ ಬಂದ್ರು. ಅವರದ್ದು ಆಚಾರ್ರ ಮನೆ, ಅವರಪ್ಪನ ಕಾಲದಲ್ಲಿ ಗಾಡಿ ಚಕ್ರ, ನೇಗಿಲು, ನೊಗ, ಆಮೇಲೆ ಇವರ ಕಾಲದಲ್ಲಿ ಬಾಗಿಲು ಕಿಟಕಿ, ಈಗ ಮೊಣಕಾಲು ನೋವು ಅಂತ ಕೆಲಸ ಬಿಟ್ಟಿದಾರೆ. ಬಂದ ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹಿತ್ತಲಿಗೆ ಹೋದವರು ಆ ಪೀಪಾಯಿ ಮುಂದೆ ಕೂತ್ಬಿಟ್ರು.

"ಯಾರು ಅಳಿಯಂದ್ರೇ ಇದಕ್ಕೆ ಸ್ಕ್ರೂ ಹೊಡ್ದಿದ್ದು?"

"ಅಂಗಡಿಯವ್ರೇ ಹಂಗೆ ಕೊಟ್ರು ಮಾವ" ಅಂದೆ. ಒಳಗೆ ಸುಮಾ ನಕ್ಕಿದ್ದು ಕೇಳಿಸ್ತು.

ಅವರು ಅಷ್ಟಕ್ಕೆ ಬಿಡಲಿಲ್ಲ. ಇದು ಹೆಂಗೆ ನಿಂತಿದೆ, ಇದಕ್ಕೆ ಗೂಟ ಇಲ್ಲ, ಕಚ್ಚು ಇಲ್ಲ, ಹಲಗೆ ಪಕ್ಕ ಹಲಗೆ ಸುಮ್ನೆ ನಿಲ್ಲಿಸಿದಾರೆ, ನೀರು ಹೆಂಗೆ ತಡೀತದೆ ಅಂತ ಎರಡು ದಿನ ಅದನ್ನೇ ಕೇಳಿದ್ರು. ನನಗೋ ಸ್ಪೇಸೈಡ್ ಕಡೆ ಹೋಗ್ಬೇಕು ಅಂತ ಬಹಳ ದಿನದ ಆಸೆ, ಆದ್ರೆ ಕಾಫಿ ಬಿಟ್ಟು ಬೇರೇನೂ ಕುಡೀದಿರೋ ಮಾವನ್ನ ವಿಸ್ಕಿ ಊರಿಗೆ ಕರ್ಕೊಂಡು ಹೋಗೋದು ಹೆಂಗೆ ಅಂತ ಮುಜುಗರ. ಈಗ ನೆಪ ಸಿಕ್ತು. ಕ್ರೇಗೆಲ್ಲಾಖಿ ಅನ್ನೋ ಹಳ್ಳಿ ಹತ್ರ ಸ್ಪೇಸೈಡ್ ಕೂಪರೇಜ್ ಅಂತ ಇದೆ ಮಾವ, ಪೀಪಾಯಿ ಮಾಡೋದನ್ನೇ ನೋಡ್ಬಹುದು ಅಂದೆ. ಅವರು ಆಗ್ಲೇ ಎದ್ದು ಸ್ವೆಟರ್ ಹುಡುಕ್ತಿದ್ರು.

ಮೊದಲನೇ ದಿನ, ಭಾನುವಾರ

ಎಡಿನ್‌ಬರೋದಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟ್ವಿ. ಸುಮಾಗೆ ಸೋಮವಾರ ಆಫೀಸು, ಹಂಗಾಗಿ ನಾನು ಮಾವ ಇಬ್ರೇ. ಪುಳಿಯೋಗರೆ, ಚಟ್ನಿಪುಡಿ, ಒಂದು ಡಬ್ಬ ಅವಲಕ್ಕಿ, ಮಾವನ ಫಿಲ್ಟರು, ಇಷ್ಟು ಲಗೇಜು. ದಾರಿ ಬಗ್ಗೆ ಜಾಸ್ತಿ ಬರೆಯೋಕಿಲ್ಲ, ಎ9 ಹೈವೇ ಹಿಡಿದು ಪರ್ತ್ ದಾಟಿ ಏವಿಮೋರ್ ತನಕ ಮೇಲೆ ಹೋಗೋದು, ಅಲ್ಲಿಂದ ಬಲಕ್ಕೆ ಎ95, ಗ್ರಾಂಟೌನ್ ದಾಟಿದ ಮೇಲೆ ಸ್ಪೇ ನದಿ ಜೊತೆ ಜೊತೆಗೇ ಬರ್ತದೆ. ಮಳೆ ಬರೋದು ನಿಲ್ಲೋದು ಬರೋದು. ಮಾವ ಇಡೀ ದಾರಿ ಕುರಿ ಎಣಿಸಿದ್ರು, ಕಾಯೋರು ಯಾರೂ ಕಾಣಲ್ವಲ್ಲ ಅಂತ ಅವರಿಗೆ ಚಿಂತೆ.

ಬುಕ್ ಮಾಡಿದ್ದ ಬಿ ಅಂಡ್ ಬಿ, ಅಂದ್ರೆ ಮನೇಲೇ ರೂಮು ತಿಂಡಿ ಕೊಡೋ ಜಾಗ, ತಲುಪಿದಾಗ ಅಲ್ಲಿಯ ಹೆಂಗಸು ನಮ್ಮ ಬುಕಿಂಗ್ ಮುಂದಿನ ಭಾನುವಾರಕ್ಕಿದೆ ಅಂದ್ರು. ನನ್ನ ಈಮೇಲಲ್ಲಿ ತಾರೀಕು ಸರಿಯಾಗೇ ಇತ್ತು, ಅವರ ಪುಸ್ತಕದಲ್ಲಿ ತಪ್ಪಾಗಿತ್ತು, ಯಾರ ಜೊತೆ ವಾದ ಮಾಡೋದು. ಕೊನೆಗೆ ಅವರ ಮಗಳ ರೂಮು ಖಾಲಿ ಮಾಡಿಸಿ ಕೊಟ್ರು, ಗೋಡೆ ತುಂಬ ಕುದುರೆ ಪೋಸ್ಟರ್, ಗುಲಾಬಿ ಬಣ್ಣದ ಹಾಸಿಗೆ, ಅದರ ಮೇಲೆ ಪಂಚೆ ಉಟ್ಕೊಂಡು ಮಾವ. ಫೋಟೋ ತೆಗೆದಿದೀನಿ ಆದ್ರೆ ಹಾಕಂಗಿಲ್ಲ.

ಎರಡನೇ ದಿನ, ಸೋಮವಾರ

ಕೂಪರೇಜ್ ಹತ್ರ ಹೋಗ್ತಿದ್ದಂಗೆ ಮೊದಲು ಕಾಣೋದು ಪೀಪಾಯಿ ಗುಡ್ಡ. ಬಯಲಲ್ಲಿ ಒಂದರ ಮೇಲೊಂದು ಪಿರಮಿಡ್ ತರ ಜೋಡಿಸಿಟ್ಟಿದಾರೆ, ಮಳೆಗೆ ನೆಂದು ಕಪ್ಪಾಗಿ, ದೂರದಿಂದ ನೋಡಿದ್ರೆ ನಮ್ಮ ಕಡೆ ತೆಂಗಿನಕಾಯಿ ರಾಶಿ ಇದ್ದಂಗೆ. ತಿಪಟೂರಿನೋರಿಗೆ ಇದಕ್ಕಿಂತ ಒಳ್ಳೆ ಸ್ವಾಗತ ಬೇಕಾ! ಈ ಕಂಪನಿ ಶುರುವಾಗಿದ್ದು 1947ರಲ್ಲಿ, ಈಗ ಒಂದು ಫ್ರೆಂಚ್ ಪೀಪಾಯಿ ಕಂಪನಿ ಕೈಲಿದೆ, ವರ್ಷಕ್ಕೆ ಲಕ್ಷಕ್ಕೂ ಮೀರಿ ಪೀಪಾಯಿ ಇಲ್ಲಿ ರಿಪೇರಿ ಆಗಿ ಸುತ್ತಮುತ್ತಲ ವಿಸ್ಕಿ ಕಂಪನಿಗಳಿಗೆ ಹೋಗ್ತವೆ. ಗಮನಿಸಿ, ಜಾಸ್ತಿ ರಿಪೇರಿನೇ, ಹೊಸದು ಕಮ್ಮಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಬಯಲಲ್ಲಿ ಎಲ್ಲ ಸೈಜೂ ಇದೆ. ಅಮೆರಿಕಾದ ಬ್ಯಾರೆಲ್ 200 ಲೀಟರ್, ಹಾಗ್ಸ್‌ಹೆಡ್ ಅನ್ನೋದು 250, ಸ್ಪೇನಿಂದ ಬರೋ ಶೆರಿ ವೈನಿನ ಪೀಪಾಯಿ, ಬಟ್ ಅಂತಾರೆ, 500. ಇನ್ನೊಂದು ಉದ್ದನೇದು, ಪೋರ್ಚುಗಲ್ಲಿನ ಪೋರ್ಟ್ ವೈನಿನದು, ಅದರ ಹೆಸರು ಪೈಪ್. ಪೋರ್ಚುಗೀಸಲ್ಲಿ ಅದು ಪೀಪಾ. ಅಲ್ಲಿ ಬೋರ್ಡ್ ಓದ್ತಾ ನಿಂತಾಗ ತಲೇಲಿ ಗಂಟೆ ಹೊಡೀತು, ನಮ್ಮ ಪೀಪಾಯಿ ಇದೇ ತಾನೇ! ಅವರು ಗೋವಾ ಕಡೆಯಿಂದ ನಮಗೆ ಕೊಟ್ಟ ಮಾತು, ಮೇಜು, ಸಾಬೂನು, ಅಲಮಾರು ಬಂದಂಗೆ ಇದೂ ಬಂದಿದೆ. ಮಾವನಿಗೆ ಹೇಳಿದೆ, "ಹಂಗಾದ್ರೆ ನಮಗೂ ಇದಕ್ಕೂ ಹಳೇ ನೆಂಟಸ್ತಿಕೆ" ಅಂದ್ರು.

ಒಳಗೆ ಮೊದಲು ಒಂದು ಫಿಲ್ಮ್ ತೋರಿಸ್ತಾರೆ, ಆಮೇಲೆ ಮೇಲಿನ ಗ್ಯಾಲರಿಗೆ ಕರ್ಕೊಂಡು ಹೋಗ್ತಾರೆ, ಗಾಜಿನ ಆಚೆ ಕೆಳಗಡೆ ಶೆಡ್ಡಲ್ಲಿ ಕೂಪರ್‌ಗಳ ಕೆಲಸ. ಕೂಪರ್ ಅಂದ್ರೆ ಪೀಪಾಯಿ ಮಾಡೋನು, ನಮ್ಮಲ್ಲಿ ಬಡಿಗೇರ, ಕಂಬಾರ ಅಂತ ಮನೆತನದ ಹೆಸರು ಇದ್ದಂಗೆ ಇಲ್ಲಿ ಕೂಪರ್ ಅಂತ ಅಡ್ಡಹೆಸರು ಬೀದಿಗೊಂದು. ಗಾಜು ಇದ್ರೂ ಆ ಸದ್ದು ಎದೆಗೆ ಬಡೀತದೆ. ಒಬ್ಬೊಬ್ಬನ ಮುಂದೆ ಒಂದೊಂದು ಪೀಪಾಯಿ, ಎಡಗೈಲಿ ಮೊಂಡು ಉಳಿ ಥರದ ಒಂದು ಕಬ್ಬಿಣ, ಅದನ್ನ ಡ್ರೈವರ್ ಅಂತಾರೆ, ತುದೀಲಿ ಒಂದು ಕಚ್ಚು ಇದೆ, ಅದು ಬಳೆ ಅಂಚಿಗೆ ಕೂತ್ಕೊಳ್ತದೆ. ಬಲಗೈಲಿ ಸುತ್ತಿಗೆ. ಪೀಪಾಯಿ ಸುತ್ತ ಪ್ರದಕ್ಷಿಣೆ ಹಾಕ್ತಾ ಟಣ್ ಟಣ್ ಟಣ್, ಒಂದು ಸುತ್ತು ಮುಗಿಯೋಷ್ಟ್ರಲ್ಲಿ ಬಳೆ ಒಂದಿಷ್ಟು ಕೆಳಗೆ, ಇನ್ನೊಂದು ಸುತ್ತು, ಇನ್ನೊಂದಿಷ್ಟು. ಎಲ್ಲೂ ಒಂದೇ ಕಡೆ ಜೋರಾಗಿ ಹೊಡೆಯಲ್ಲ.

ಮಾವ ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ನನ್ನ ತೋಳು ಹಿಡ್ಕೊಂಡು, "ಬಳೆನ ಸಣ್ಣ ಕಡೆಯಿಂದ ಹೊಟ್ಟೆ ಕಡೆಗೆ ಹೊಡೀತಾನೆ ನೋಡಿ. ಬೆಣೆ ಕಣ್ರೀ ಇದು. ಇಡೀ ಪೀಪಾಯಿನೇ ಬೆಣೆ!"

ನನಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು. ಪೀಪಾಯಿ ಮಧ್ಯೆ ದಪ್ಪ, ಎರಡೂ ತುದಿ ಸಣ್ಣ. ಬಳೆನ ತುದಿಯಿಂದ ಹಾಕಿ ಹೊಟ್ಟೆ ಕಡೆಗೆ ಹೊಡೆದಷ್ಟೂ ಅದಕ್ಕೆ ಜಾಗ ಸಾಲಲ್ಲ, ಬಿಗಿ ಆಗ್ತಾನೇ ಹೋಗ್ತದೆ, ಗುದ್ದಲಿ ಕಾವಿಗೆ ಬೆಣೆ ಬಡಿದಂಗೆ. ಬಳೆ ಕೂಡ ನೆಟ್ಟಗಿನ ಉಂಗುರ ಅಲ್ಲ, ಒಂದು ಅಂಚು ಇನ್ನೊಂದು ಅಂಚಿಗಿಂತ ಒಂಚೂರು ಅಗಲ, ಲಂಗದ ಅಂಚಿನ ಥರ, ಆ ಇಳಿಜಾರಿಗೆ ಅಂಟಿಕೊಳ್ಳೋ ಹಂಗೆ. ಪಟ್ಟಿ ತುದಿಗಳನ್ನ ರಿವೆಟ್ ಹೊಡೆದು ಸೇರಿಸಿರ್ತಾರೆ, ಇಡೀ ಪೀಪಾಯಿಲಿ ಮೊಳೆ ಜಾತಿಗೆ ಸೇರಿದ್ದು ಅಂದ್ರೆ ಆ ರಿವೆಟ್ ಒಂದೇ, ಅದೂ ಮರ ಮುಟ್ಟಲ್ಲ. ನಾನು ಮನೇಲಿ ಹಾಕಿದ ಆರು ಸ್ಕ್ರೂ ನೆನಪಾಗಿ ಗಾಜಿನ ಕಡೆ ಮುಖ ತಿರುಗಿಸ್ಕೊಂಡೆ.

ನಮ್ಮ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದು ಬೇರೆ ಥರ ಅಂತ ಮಾವ ವಿವರಿಸಿದ್ರು. ಅಲ್ಲಿ ಪಟ್ಟಿನ ಚಕ್ರಕ್ಕಿಂತ ಸ್ವಲ್ಪ ಸಣ್ಣ ಮಾಡಿ, ಬೆರಣಿ ಬೆಂಕೀಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರದ ಮೇಲೆ ಇಳಿಸಿ ನೀರು ಸುರೀತಾರೆ, ತಣ್ಣಗಾದಾಗ ಅದು ಇಡೀ ಚಕ್ರನ ಹಿಂಡಿ ಹಿಡ್ಕೊಳ್ತದೆ, ಗುಂಬ, ಅರೆ ಎಲ್ಲ ಕಟಕಟ ಅಂತ ಒಳಕ್ಕೆ ಸೇರೋ ಸದ್ದು ಕೇಳ್ಬೇಕು ಅಂದ್ರು. ಇಲ್ಲಿ ಬಳೆಗೆ ಬೆಂಕಿ ಇಲ್ಲ. ಬೆಂಕಿ ಮರಕ್ಕೆ.

ಆ ಭಾಗ ಫಿಲ್ಮಲ್ಲಿತ್ತು. ಹಲಗೆಗೆ ಇಲ್ಲಿ ಸ್ಟೇವ್ ಅಂತಾರೆ. ಒಂದು ಅಮೆರಿಕನ್ ಬ್ಯಾರೆಲ್ಲಿಗೆ ಸುಮಾರು 30 ಸ್ಟೇವ್ ಬೇಕು. ಒಂದೊಂದೂ ಮಧ್ಯೆ ಅಗಲ, ತುದಿ ಸಣ್ಣ, ಹೊರಮೈ ಉಬ್ಬು, ಒಳಮೈ ಒಂಚೂರು ತಗ್ಗು, ಆಮೇಲೆ ಎರಡೂ ಪಕ್ಕದ ಅಂಚು ಓರೆ. ಆ ಓರೆ ಎಷ್ಟಿರಬೇಕು ಅಂದ್ರೆ ಎಲ್ಲ ಹಲಗೆನೂ ದುಂಡಗೆ ನಿಲ್ಲಿಸಿದಾಗ ಪ್ರತಿ ಸಂದೂ ಪೀಪಾಯಿ ನಟ್ಟನಡುವಿಗೆ ನೆಟ್ಟಗೆ ನೋಡ್ತಿರಬೇಕು, ಕಿತ್ತಳೆ ತೊಳೆಗಳ ಥರ. ಹಳಬರು ಇದನ್ನ ಅಳತೆ ಇಲ್ಲದೆ ಕಣ್ಣಂದಾಜಲ್ಲೇ ಕೀಸ್ತಿದ್ರಂತೆ, ಅದೂ ಹೆಂಗೆ, ಕೀಸುಳಿ ನೆಲದ ಮೇಲೆ ಬಾಯಿ ಮೇಲಾಗಿ ಮಲಗಿರ್ತದೆ, ಆರಡಿ ಉದ್ದ ಇರ್ತದೆ, ಅದರ ಮೇಲೆ ಹಲಗೆ ಉಜ್ಜೋದು. ನಾವು ಹಲಗೆ ಮೇಲೆ ಕೀಸುಳಿ ಓಡಿಸ್ತೀವಿ, ಇವರು ಕೀಸುಳಿ ಮೇಲೆ ಹಲಗೆ ಓಡಿಸ್ತಾರೆ, ಈಳಿಗೆ ಮಣೆ ಮೇಲೆ ಕಾಯಿ ತುರಿದಂಗೆ.

ಆಮೇಲೆ ಒಂದು ಬಳೆ ಒಳಗೆ ಹಲಗೆಗಳನ್ನ ಸುತ್ತ ನಿಲ್ಲಿಸ್ತಾರೆ. ಮೇಲ್ತುದಿ ಬಳೆಯೊಳಗೆ ಸೇರಿರ್ತದೆ, ಕೆಳತುದಿ ಹರಡ್ಕೊಂಡಿರ್ತದೆ, ಗಿರಗಿಟ್ಲೆ ಹೊಡೆಯೋ ಹುಡುಗಿ ಲಂಗದ ಥರ. ಈಗ ಆ ಹರಡಿದ ತುದಿಗಳನ್ನ ಒಟ್ಟಿಗೆ ತರಬೇಕು, ಒಣ ಓಕ್ ಬಗ್ಗಿಸಿದ್ರೆ ಲಟಕ್ ಅಂತದೆ. ಹಂಗಾಗಿ ಆವಿ ಕೊಡ್ತಾರೆ, ಇಲ್ಲ ಒದ್ದೆ ಮಾಡಿ ಒಳಗೆ ಬೆಂಕಿ ಇಡ್ತಾರೆ, ಮರ ಮೆತ್ತಗಾಗ್ತದೆ, ಆಗ ಹಗ್ಗ ಇಲ್ಲ ಯಂತ್ರ ಸುತ್ತಿ ಎಳೆದು ಇನ್ನೊಂದು ಬಳೆ ತೊಡಿಸೋದು. ತಣ್ಣಗಾದ್ಮೇಲೆ ಆ ಬಾಗು ಹಂಗೇ ನಿಲ್ತದೆ. ಮಾವ ಫಿಲ್ಮ್ ನಡುವೆ ಜೋರಾಗೇ "ಮೃದಂಗ!" ಅಂದ್ರು, ಮುಂದೆ ಕೂತಿದ್ದ ಜರ್ಮನ್ ದಂಪತಿ ತಿರುಗಿ ನೋಡಿದ್ರು. ನಿಜ, ಅದೇ ಆಕಾರ, ಆದ್ರೆ ಮೃದಂಗ ಹಲಸಿನ ಒಂದೇ ದಿಮ್ಮಿ ಕೊರೆದು ಮಾಡೋದು, ಇದು 30 ತುಂಡು.

ಕೆಳಗೆ ಶೆಡ್ಡಲ್ಲಿ ಒಬ್ಬ ಹುಡುಗ, ಇಪ್ಪತ್ತೂ ಆಗಿರಲಿಕ್ಕಿಲ್ಲ, ಒಂದು ಹಳೇ ಪೀಪಾಯಿ ಬಳೆ ಬಿಚ್ಚಿದ. ತುದೀದು ಬಿಚ್ಚಿದ, ಮುಚ್ಚಳ ಎತ್ತಿದ, ಸೀಳಿದ್ದ ಒಂದು ಹಲಗೆ ಎಳೆದು ಬಿಸಾಕಿ, ರಾಶಿಯಿಂದ ಇನ್ನೊಂದು ಹಳೇ ಹಲಗೆ ತಂದ. ಹೊಂದಲಿಲ್ಲ. ಯಂತ್ರದ ಕೀಸುಳಿ ಮೇಲೆ ಎರಡು ಸಲ ಉಜ್ಜಿ ಮತ್ತೆ ತಂದ, ಈಗ ಅದು ತನ್ನ ಜಾಗಕ್ಕೆ ಹೋಗಿ ಕೂತಿತು. ಸಂದಿಗೆ ಒಣಗಿದ ಜೊಂಡಿನ ಒಂದು ಎಳೆ ಇಟ್ಟ, ನಮ್ಮ ಕೆರೆ ಅಂಚಲ್ಲಿ ಬೆಳೆಯುತ್ತಲ್ಲ ಅದೇ ಜಾತಿ. ಮುಚ್ಚಳ ಕೂರಿಸಿ ಬಳೆ ಹೊಡೆಯೋಕೆ ಶುರು. ಎಲ್ಲ ಸೇರಿ ನಾವು ನೋಡ್ತಿದ್ದಂಗೇ ಮುಗೀತು. ಇವರಿಗೆ ದಿನಗೂಲಿ ಅಲ್ಲ, ಪೀಸ್ ವರ್ಕ್, ಎಷ್ಟು ಪೀಪಾಯಿ ಅಷ್ಟು ದುಡ್ಡು, ಅಂತ ಗೈಡ್ ಹೇಳಿದ್ರು. "ಅದಕ್ಕೇ ಮೂಗು ಒರೆಸ್ಕೊಳ್ಳೋಕೂ ನಿಲ್ತಿಲ್ಲ" ಅಂದ್ರು ಮಾವ.

ಅಂಟು ಮೊಳೆ ಇಲ್ಲದೇ ಇರೋದರ ಲಾಭ ನನಗೆ ಆಗ ಹೊಳೀತು. ಅಂಟು ಹಾಕಿದ್ರೆ ಒಂದು ಹಲಗೆ ಕೆಟ್ರೆ ಇಡೀದು ಕೆಟ್ಟಂಗೆ. ಇದನ್ನ ಯಾವಾಗ ಬೇಕಾದ್ರೂ ಬಿಚ್ಚಬಹುದು. ಅಮೆರಿಕಾದಲ್ಲಿ ಅಲ್ಲಿನ ವಿಸ್ಕಿ ಬರ್ಬನ್‌ಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿನೇ ಬಳಸಬೇಕು ಅಂತ ಕಾನೂನು, ಒಂದು ಸಲ ಆದ್ಮೇಲೆ ಅವರಿಗೆ ಅದು ಬೇಡ, ಹಡಗು ಹತ್ತಿ ಇಲ್ಲಿಗೆ ಬರ್ತದೆ. ಕೆಲವು ಸಲ ಇಡಿಯಾಗಿ, ಕೆಲವು ಸಲ ಬಿಚ್ಚಿ ಹಲಗೆ ಕಟ್ಟು ಕಟ್ಟಿ. ಇಲ್ಲಿ ಅದಕ್ಕೇ ಇನ್ನಷ್ಟು ಹಲಗೆ ಸೇರಿಸಿ, ದೊಡ್ಡ ಮುಚ್ಚಳ ಹಾಕಿ 250 ಲೀಟರಿನ ಹಾಗ್ಸ್‌ಹೆಡ್ ಮಾಡ್ತಾರೆ. ಹಿಂಗೆ ರಿಪೇರಿ ಮಾಡ್ತಾ ಮಾಡ್ತಾ ಒಂದು ಪೀಪಾಯಿ ಐವತ್ತು ಅರವತ್ತು ವರ್ಷ ದುಡೀತದೆ. ಸ್ಕಾಚ್‌ಗೆ ಇಲ್ಲಿನ ಕಾನೂನು ಓಕ್ ಆಗಿರಬೇಕು, 700 ಲೀಟರ್ ಮೀರಬಾರದು, ಕನಿಷ್ಠ ಮೂರು ವರ್ಷ ಒಳಗಿರಬೇಕು ಅಂತದೆ, ಪೀಪಾಯಿ ಹೊಸದಿರಬೇಕು ಅಂತ ಎಲ್ಲೂ ಇಲ್ಲ. ಇಲ್ಲಿ ರಿಪೇರಿ ಜಾಸ್ತಿ ಯಾಕೆ ಅಂದ್ರೆ ಇದಕ್ಕೇ.

ಓಕೇ ಯಾಕೆ, ಜಾಲಿ ಯಾಕಾಗಬಾರದು ಅಂತ ಮಾವನ ಪ್ರಶ್ನೆ, ಗಾಡಿ ಚಕ್ರಕ್ಕೆ ಕರಿಜಾಲಿ ಬಿಟ್ರೆ ಇಲ್ಲ ಅನ್ನೋರು ಅವರು. ನಾನು ಇಂಗ್ಲಿಷಲ್ಲಿ ಗೈಡನ್ನ ಕೇಳಿ ಕನ್ನಡದಲ್ಲಿ ಹೇಳ್ತಾ ಹೋದೆ. ಮರದೊಳಗೆ ನೀರು ಹರಿಯೋ ಸಣ್ಣ ಸಣ್ಣ ನಾಳ ಇರ್ತವಲ್ಲ, ಅಮೆರಿಕಾದ ಬಿಳಿ ಓಕಲ್ಲಿ ಮರ ಬಲಿತಂಗೆ ಅವು ಒಳಗಿಂದ ತಾವೇ ಮುಚ್ಕೊಳ್ತವೆ. ಕೆಂಪು ಓಕಲ್ಲಿ ಹಂಗಾಗಲ್ಲ, ಅದರ ತುಂಡಿನ ಒಂದು ತುದೀನ ನೀರಲ್ಲಿಟ್ಟು ಇನ್ನೊಂದು ತುದೀಲಿ ಊದಿದ್ರೆ ಗುಳ್ಳೆ ಬರ್ತದೆ, ಸ್ಟ್ರಾ ಥರ. ಇನ್ನೊಂದು ವಿಷಯ ಅಂದ್ರೆ ಕೊಯ್ಯೋ ರೀತಿ. ದಿಮ್ಮಿ ತುದಿ ನೋಡಿದ್ರೆ ನಡುವಿಂದ ತೊಗಟೆ ಕಡೆಗೆ ಚಕ್ರದ ಅರೆ ಥರ ಗೆರೆ ಕಾಣ್ತವೆ, ಆ ಗೆರೆ ಜಾಡಲ್ಲೇ ಹಲಗೆ ತೆಗೆಯೋದು. ಆಗ ಆ ಪದರಗಳು ಹಲಗೆ ಮುಖಕ್ಕೆ ಸಮನಾಗಿ ಒಂದರ ಹಿಂದೊಂದು ಗೋಡೆ ಥರ ನಿಲ್ತವೆ, ಒಳಗಿನ ದ್ರವ ಅಡ್ಡ ಹಾಯೋಕೆ ಆಗಲ್ಲ. ಅಡ್ಡಾದಿಡ್ಡಿ ಕೊಯ್ದ್ರೆ ಅದೇ ಮರ ಸೋರ್ತದೆ. "ಗರಗಸ ಹಿಡಿಯೋನ ಕೈಲೇ ಅರ್ಧ ಕೆಲಸ" ಅಂತ ಮಾವ ಒಪ್ಪಿದ್ರು, ಆದ್ರೂ ಜಾಲಿ ಒಂದು ಸಲ ಟ್ರೈ ಮಾಡಬೇಕಿತ್ತು ಇವರು ಅಂತ ಗೊಣಗಿದ್ರು.

ಹೊರಗೆ ಬಂದಾಗ ಗೋಡೆ ಮೇಲೆ ಹಳೇ ಸಲಕರಣೆ ನೇತು ಹಾಕಿದ್ರು. "ಬಾಚಿ! ಬಾಚಿ ಕಣ್ರೀ ಅದು!" ಈ ಸಲ ಜರ್ಮನ್‌ನೋರು ನಕ್ಕೇಬಿಟ್ರು. ನಿಜಕ್ಕೂ ಬಾಚಿನೇ, ಹಿಡಿ ಮಾತ್ರ ತೀರಾ ಗಿಡ್ಡ. ಪೀಪಾಯಿ ಬಾಯೊಳಗೆ ಕೈ ಬೀಸೋಕೆ ಜಾಗ ಬೇಕಲ್ಲ, ಅದಕ್ಕೆ. ಹಲಗೆ ತುದಿಗಳ ಒಳ ಅಂಚನ್ನ ಅದರಿಂದ ಕೆತ್ತಿ ಇಳಿಜಾರು ಮಾಡಿ, ಆಮೇಲೆ ಇನ್ನೊಂದು ಕೀಸುಳಿಯಿಂದ ಸುತ್ತ ಸಣ್ಣ ಕಾಲುವೆ ಥರ ಒಂದು ಗೀರು ತೋಡ್ತಾರೆ, ಆ ಗೀರಲ್ಲಿ ಮುಚ್ಚಳದ ಅಂಚು ಕೂರ್ತದೆ. ಮುಚ್ಚಳದ ಹಲಗೆಗಳಿಗೆ ಮಾತ್ರ ಒಳಗೆ ಮರದ ಗೂಟ ಇರ್ತವೆ, ಮಧ್ಯೆ ಜೊಂಡು. ಗೈಡ್ ಬಾಚಿನ ಮಾವನ ಕೈಗೆ ಕೊಟ್ರು. ಅವರು ಹೆಬ್ಬೆರಳಲ್ಲಿ ಅಂಚು ಸವರಿ, ಮೊಂಡಾಗಿದೆ ಅಂತ ನನ್ನ ಕಡೆ ನೋಡಿ ತಲೆ ಆಡಿಸಿದ್ರು, ಅದನ್ನ ನಾನು ಟ್ರಾನ್ಸ್‌ಲೇಟ್ ಮಾಡಲಿಲ್ಲ.

ಅಲ್ಲೇ ಪ್ರವಾಸಿಗರಿಗೆ ಆಟ ಆಡೋಕೆ ಅಂತ ಒಂದು ಪುಟ್ಟ ಪೀಪಾಯಿ ಬಿಡಿಬಿಡಿಯಾಗಿ ಇಟ್ಟಿದ್ರು. ನಾನು ಕೂತೆ. ಐದು ಹಲಗೆ ನಿಲ್ಲಿಸೋಷ್ಟ್ರಲ್ಲಿ ಮೊದಲನೇದು ಬೀಳ್ತದೆ, ಅದನ್ನ ಹಿಡಿದ್ರೆ ಮೂರನೇದು. ನಾಲ್ಕು ಸಲ ಆಯ್ತು. ಮಾವ ಪಕ್ಕಕ್ಕೆ ಸರಿಸಿ, ಮೊದಲ ಹಲಗೆನ ಬಳೆಗೆ ಒತ್ತಿ ತಮ್ಮ ಹೊಟ್ಟೆಗೆ ಆನಿಸ್ಕೊಂಡು, ಬಲಕ್ಕೊಂದು ಎಡಕ್ಕೊಂದು ಜೋಡಿಸ್ತಾ ಬಂದ್ರು. ಕೊನೆಗೆ ಒಂದು ಹಲಗೆ ಜಾಗ ಉಳೀತು, ಕೈಲಿ ಎರಡು ಹಲಗೆ, ಒಂದು ಸಡಿಲ ಇನ್ನೊಂದು ದಪ್ಪ. ನಾನಾಗಿದ್ರೆ ಸಡಿಲದ್ದು ಹಾಕಿ ಎದ್ದು ಬರ್ತಿದ್ದೆ. ಅವರು ದಪ್ಪದ್ದನ್ನ ಮೇಲಿಂದ ಇಟ್ಟು, ಅಂಗೈಲಿ ಎರಡು ಗುದ್ದು ಗುದ್ದಿದ್ರು. ಅದು ಒಳಗೆ ಇಳಿದ ತಕ್ಷಣ ಅಲ್ಲಿವರೆಗೂ ಅಲ್ಲಾಡ್ತಿದ್ದ ಅಷ್ಟೂ ಹಲಗೆ ಒಂದೇ ಸಲ ಕಲ್ಲಿನಂಗೆ ನಿಂತ್ಬಿಟ್ವು. ಕೈ ಬಿಟ್ರು, ನಿಂತೇ ಇತ್ತು. ಒಂದಕ್ಕೊಂದು ಒತ್ತಿ ಯಾವುದಕ್ಕೂ ಒಳಗೆ ಬೀಳೋಕೆ ಜಾಗ ಇಲ್ಲ, ಹೊರಗೆ ಹೋಗೋಕೆ ಬಳೆ ಬಿಡಲ್ಲ. ಗೈಡ್ ಚಪ್ಪಾಳೆ ಹೊಡೆದು, ನಾಲ್ಕು ವರ್ಷದ ಅಪ್ರೆಂಟಿಸ್‌ಶಿಪ್ ಇದೆ, ಸೇರ್ತೀರಾ ಅಂದ್ರು.

ಆ ನಾಲ್ಕು ವರ್ಷ ಮುಗಿದ ದಿನ ಹುಡುಗನ್ನ ಪೀಪಾಯೊಳಗೆ ಹಾಕಿ, ಮೇಲೆ ಮಸಿ, ಕಾಕಂಬಿ ಥರದ ಪಾಕ, ಮರದ ಹೊಟ್ಟು ಎಲ್ಲ ಸುರಿದು ಶೆಡ್ ತುಂಬ ಉರುಳಿಸೋ ಪದ್ಧತಿ ಇದೆಯಂತೆ. ಅದನ್ನ ಕೇಳಿ ಮಾವ, "ನಮ್ಮಪ್ಪ ಬಾಚಿ ಕೈಗೆ ಕೊಡೋಕೆ ಮುಂಚೆ ಬರೀ ಬೈದಿದ್ರು, ನಾನೇ ಪುಣ್ಯವಂತ" ಅಂದ್ರು.

ಬರೋವಾಗ ಜೊಂಡಿನ ಒಂದು ಹಿಡಿ ಕೇಳಿ ಇಸ್ಕೊಂಡ್ರು. ಯಾಕೆ ಮಾವ ಅಂದ್ರೆ "ಇರಲಿ" ಅಂದ್ರು.

ಮೂರನೇ ದಿನ, ಮಂಗಳವಾರ

ಡಫ್‌ಟೌನ್, ಗ್ಲೆನ್‌ಫಿಡಿಕ್ ಅನ್ನೋ ವಿಸ್ಕಿ ಡಿಸ್ಟಿಲರಿ. ಇವತ್ತು ನನ್ನ ದಿನ ಅಂತ ಒಪ್ಪಂದ ಆಗಿತ್ತು. 1886ರಲ್ಲಿ ವಿಲಿಯಂ ಗ್ರಾಂಟ್ ಅನ್ನೋರು ಮಕ್ಕಳನ್ನ ಕಟ್ಕೊಂಡು ಕಲ್ಲು ಕಲ್ಲು ಜೋಡಿಸಿ ಕಟ್ಟಿದ್ದು, 1887ರ ಕ್ರಿಸ್‌ಮಸ್ ದಿನ ಮೊದಲ ಹನಿ ಇಳೀತು. ಟೂರಲ್ಲಿ ಮಾವನಿಗೆ ಮೊಳಕೆ, ಬಾರ್ಲಿ, ತಾಮ್ರದ ಹಂಡೆ ಯಾವುದೂ ಬೇಡ. ಹುಳಿ ಬರಿಸೋ ಮರದ ತೊಟ್ಟಿಗಳ ಹತ್ರ ಬಂದಾಗ ಮಾತ್ರ ನಿಂತ್ರು. ಡಗ್ಲಸ್ ಫರ್ ಅನ್ನೋ ಮರದವು, ಮನೆಯಷ್ಟು ಎತ್ತರ, ನಾವು ನಿಂತಿರೋ ಅಟ್ಟದಿಂದ ಮೇಲೆ ಒಂದಿಷ್ಟು ಕಾಣ್ತದೆ, ಮಿಕ್ಕಿದ್ದು ಕೆಳಗೆ. ಇಲ್ಲೂ ಹಲಗೆ, ಇಲ್ಲೂ ಬಳೆ, ಆದ್ರೆ ಹೊಟ್ಟೆ ಇಲ್ಲ, ಹಲಗೆ ನೆಟ್ಟಗೆ. "ಇದು ಒಂದೇ ಕಡೆ ಕೂರೋದು, ಇದಕ್ಕೆ ಹೊಟ್ಟೆ ಯಾಕೆ" ಅಂದ್ರು.

ಹೊಟ್ಟೆ ಯಾಕೆ ಅನ್ನೋದು ಗೋಡೌನಲ್ಲಿ ಗೊತ್ತಾಯ್ತು. ದಪ್ಪ ಕಲ್ಲಿನ ಗೋಡೆ, ಮಣ್ಣಿನ ನೆಲ, ತಣ್ಣಗೆ ತೇವ, ಮೂರು ಸಾಲು ಎತ್ತರಕ್ಕೆ ಮರದ ಹಳಿ ಮೇಲೆ ಪೀಪಾಯಿ. ಫೋನ್ ಆಫ್ ಮಾಡಿಸ್ತಾರೆ, ಗಾಳೀಲೆಲ್ಲ ಆಲ್ಕೋಹಾಲ್ ಆವಿ. ಒಬ್ಬ ಆಳು ತುಂಬಿದ ಪೀಪಾಯಿನ, ಅಂದ್ರೆ 200 ಲೀಟರಿಂದೂ ಇನ್ನೂರು ಕೇಜಿ ಮೀರಿರ್ತದೆ, ಒಬ್ಬನೇ ಉರುಳಿಸ್ಕೊಂಡು ಬಂದು, ಮೂಲೇಲಿ ಒಂದು ಕೈಲಿ ತಳ್ಳಿ ಬುಗುರಿ ತಿರುಗಿಸಿದಂಗೆ ದಿಕ್ಕು ಬದಲಿಸಿದ. ಹೊಟ್ಟೆ ಇರೋದ್ರಿಂದ ನೆಲ ಮುಟ್ಟೋದು ಅಂಗೈ ಅಗಲ ಅಷ್ಟೇ. ನೆಟ್ಟಗಿನ ಡ್ರಮ್ ಆಗಿದ್ರೆ ನಾಲ್ಕು ಜನ ಬೇಕಿತ್ತು. ಫೋರ್ಕ್‌ಲಿಫ್ಟ್ ಹುಟ್ಟೋಕೆ ಎರಡು ಸಾವಿರ ವರ್ಷ ಮುಂಚೆ ಇದನ್ನ ಯಾರೋ ಯೋಚಿಸಿದಾರೆ. ರೋಮಿನ ಪ್ಲಿನಿ ಅನ್ನೋನು ಮೊದಲನೇ ಶತಮಾನದಲ್ಲೇ, ಆಲ್ಪ್ಸ್ ಕಡೆಯೋರು ವೈನನ್ನ ಬಳೆ ಸುತ್ತಿದ ಮರದ ಪಾತ್ರೇಲಿ ಇಡ್ತಾರೆ ಅಂತ ಬರೆದಿಟ್ಟಿದಾನೆ, ರೋಮನ್ನರು ಆಗಿನ್ನೂ ಮಣ್ಣಿನ ಹೂಜಿ ಹೊರ್ತಿದ್ರು.

ಪೀಪಾಯಿ ನೀರು ಬಿಡಲ್ಲ ಆದ್ರೆ ಉಸಿರಾಡ್ತದೆ. ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋಗ್ತದೆ, ಅದನ್ನ ದೇವತೆಗಳ ಪಾಲು ಅಂತಾರೆ ಇವರು. ಆ ಆವಿ ತಿಂದು ಬದುಕೋ ಒಂದು ಕಪ್ಪು ಬೂಸ್ಟು ಗೋಡೌನ್ ಗೋಡೆಗೆ, ಪಕ್ಕದ ಮರಗಳಿಗೆಲ್ಲ ಮಸಿ ಬಳಿದಂಗೆ ಹತ್ಕೊಂಡಿತ್ತು. ನಮ್ಮ ಬೆಂಗಳೂರಲ್ಲಿ ಆ ಪಾಲು ಶೇ 10 ಮೀರ್ತದೆ. ಅಮೃತ್ ಡಿಸ್ಟಿಲರಿಯವರು ಬೆಂಗಳೂರಿನ ಬಿಸಿಲಲ್ಲಿ ನಾಲ್ಕೈದು ವರ್ಷಕ್ಕೇ ಪಕ್ವ ಮಾಡಿ, 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನ ಮೊದಲು ಬಿಡುಗಡೆ ಮಾಡಿದ್ದು ಇಲ್ಲೇ ಗ್ಲಾಸ್ಗೋದಲ್ಲಿ, ಸ್ಕಾಚಿನ ಅಂಗಳದಲ್ಲೇ. ಆಮೇಲೆ ಅವರೇ ಬೇರೆ ಬೇರೆ ಜಾತಿ ಓಕಿನ ಹಲಗೆಗಳನ್ನ ಒಂದೇ ಪೀಪಾಯಿಗೆ ಸೇರಿಸಿ ಸ್ಪೆಕ್ಟ್ರಮ್ ಅಂತ ಒಂದು ಮಾಡಿದ್ರು. ಇದನ್ನ ಹೇಳಿದಾಗ ಮಾವ ವಿಸ್ಕಿ ಬಗ್ಗೆ ಮೊದಲ ಸಲ ಗಂಭೀರವಾಗಿ ಮಾತಾಡಿದ್ರು: "ಬೇರೆ ಬೇರೆ ಮರ ಬೇರೆ ಬೇರೆ ಥರ ಹಿಗ್ಗುತ್ತವೆ. ಆ ಸಂದು ಕೂಡಿಸಿದೋನು ಯಾರು?" ನನಗೆ ಗೊತ್ತಿರಲಿಲ್ಲ. ಬೆಂಗಳೂರಿಗೆ ಹೋದಾಗ ಕೇಳ್ಬೇಕಂತೆ.

ಕೊನೇಲಿ ಟೇಸ್ಟಿಂಗ್. ಅವರ ಮೂರು ಗ್ಲಾಸೂ ನನಗೇ, ಆದ್ರೆ ಡ್ರೈವ್ ಮಾಡ್ಬೇಕು ಅಂತ ಎಲ್ಲ ಪುಟ್ಟ ಬಾಟ್ಲಿಗೆ ಹಾಕಿಸ್ಕೊಂಡೆ. ಮಾವ ಒಂದು ಗ್ಲಾಸ್ ಮೂಗಿನ ಹತ್ರ ತಂದು ಕಣ್ಣು ಮುಚ್ಚಿದ್ರು. "ಬಾಳೆಹಣ್ಣು ರಸಾಯನ" ಅಂದ್ರು. ಆಮೇಲೆ ಇನ್ನೊಂದು ಸಲ ಮೂಸಿ, "ಹೊಸ ಬಾಗಿಲಿಗೆ ಕಿಂಡಿ ಕೊರೆದಾಗ ಬರೋ ವಾಸನೆ". ಗೈಡ್ ಇದಕ್ಕೆ ವೆನಿಲಾ ಅಂದ, ಸುಟ್ಟ ಓಕಿಂದ ಬರೋದೇ ಅದು. ನಾನು ಬಾಗಿಲಿಗೇ ವೋಟ್ ಹಾಕ್ತೀನಿ.

ನಾಲ್ಕನೇ ದಿನ, ಬುಧವಾರ

ಬೆಳಿಗ್ಗೆ ಹೊರಡೋಕೆ ಮುಂಚೆ ಕ್ರೇಗೆಲ್ಲಾಖಿಯಲ್ಲಿ ಟೆಲ್ಫರ್ಡ್ ಅನ್ನೋ ಇಂಜಿನಿಯರ್ ಕಟ್ಟಿದ ಕಬ್ಬಿಣದ ಸೇತುವೆ ನೋಡಿದ್ವಿ, 1814ರದ್ದು, ಒಂದೇ ಕಮಾನು 150 ಅಡಿ. ಮಾವ ಕೆಳಗಿಂದ ನೋಡಿ "ಪೀಪಾಯಿನ ಕಾಲು ಭಾಗ ಕೊಯ್ದು ಮಲಗಿಸಿದಾನೆ" ಅಂದ್ರು. ಫಿಲ್ಟರ್ ಕಾಫಿನ ಫ್ಲಾಸ್ಕಲ್ಲಿ ತಂದಿದ್ವಿ, ನದಿ ದಡದಲ್ಲಿ ಕುಡಿದ್ವಿ. ವಾಪಸ್ ದಾರಿ ಪೂರ್ತಿ ನಿದ್ದೆ, ಅವರು.

ಸಾಯಂಕಾಲ ನಾಲ್ಕಕ್ಕೆ ಮನೆ. ಶೂ ಬಿಚ್ಚದೆ ಹಿತ್ತಲಿಗೆ ಹೋದ್ರು. ಸ್ಕ್ರೂಡ್ರೈವರ್ ಕೇಳಿದ್ರು, ಕೊಟ್ಟೆ. ಒಂದೊಂದೇ ಸ್ಕ್ರೂ ಬಿಚ್ಚಿ ಕಲ್ಲಿನ ಮೇಲೆ ಸಾಲಾಗಿಟ್ರು. ಸಿಲಿಕಾನ್ ಕೆರೆದು ತೆಗೆಯೋಕೆ ಒಂದು ಗಂಟೆ. ಆಮೇಲೆ ಎರಡು ಬಳೆನೂ ಬಿಚ್ಚಿ, ಪೀಪಾಯಿನ ಬೋರಲು ಹಾಕಿದ್ರು, ಅಗಲದ ಬಾಯಿ ಕೆಳಗೆ, ಸಣ್ಣ ತಳ ಮೇಲೆ. ಅಲ್ಲೇ ನನ್ನ ತಪ್ಪು ಗೊತ್ತಾಗಿದ್ದು, ನಾನು ಅದನ್ನ ನೆಟ್ಟಗೆ ಇಟ್ಕೊಂಡು ಬಳೆನ ಕೆಳಗೆ ಒತ್ತಿದ್ದೆ, ಅಂದ್ರೆ ಸಣ್ಣ ಕಡೆಗೆ. ಎಲ್ಲಿ ಜಾಸ್ತಿ ಸಂದು ಇತ್ತೋ ಅಲ್ಲಿ ಜೊಂಡಿನ ಎಳೆ ಚಾಕುವಿನ ತುದೀಲಿ ತುರುಕಿದ್ರು. ಡ್ರೈವರ್ ಬದಲಿಗೆ ನನ್ನ ಹಳೇ ಮೊಂಡು ಉಳಿ, ಸುತ್ತಿಗೆ. ಮೊಣಕಾಲು ನೋವಿನವರು ಪೀಪಾಯಿ ಸುತ್ತ ಹನ್ನೆರಡೋ ಹದಿಮೂರೋ ಪ್ರದಕ್ಷಿಣೆ, ಟಣ್ ಟಣ್ ಟಣ್. ಪಕ್ಕದ ಮನೆಯೋರು ಬೇಲಿ ಮೇಲಿಂದ ಇಣುಕಿ, ಎಲ್ಲ ಸರಿ ಇದೆಯಾ ಅಂತ ಕೇಳಿ ಹೋದ್ರು.

ನೀರು ಹಾಕಿದಾಗ ಮತ್ತೆ ಎಲ್ಲ ಸಂದಿಂದಲೂ ಸೋರ್ತು. ನನ್ನ ಮುಖ ನೋಡಿ ಮಾವ, "ಗುದ್ದಲಿ ಕಾವು ಅಲ್ಲಾಡಿದ್ರೆ ಏನ್ ಮಾಡ್ತೀರಿ? ರಾತ್ರಿ ನೀರಲ್ಲಿ ನೆನೆಹಾಕ್ತೀರಿ. ಇದೂ ಮರನೇ." ಗೋಣಿಚೀಲ ಇಲ್ಲ ಅಂತ ಎರಡು ಹಳೇ ಟವೆಲ್ ಒದ್ದೆ ಮಾಡಿ ಹೊರಗೆ ಸುತ್ತಿದ್ರು. ರಾತ್ರಿ ಮಲಗೋಕೆ ಮುಂಚೆ ಮೂರು ಸಲ ನೀರು ತುಂಬಿಸಿದ್ವಿ, ಕಿಟಕಿ ತೆಗೆದಿದ್ರಿಂದ ತೊಟ್ಟಿಕ್ಕೋ ಸದ್ದು ಕೇಳಿಸ್ತಿತ್ತು.

ಐದನೇ ದಿನ

ಬೆಳಿಗ್ಗೆ ಆರಕ್ಕೆ ಎದ್ದು ನೋಡಿದ್ರೆ ತಳದ ಹತ್ರ ಒಂದೇ ಒಂದು ಸಂದಿಂದ ಹನಿ. ಅದೂ ಹತ್ತೂವರೆ ಹೊತ್ತಿಗೆ ನಿಂತಿತು. ನೀರು ಅಂಚಿಂದ ಎರಡು ಬೆರಳು ಕೆಳಗೆ, ಅಲ್ಲಾಡದೆ.

ಸುಮಾ ಆನ್‌ಲೈನಲ್ಲಿ ತಾವರೆ ಗೆಡ್ಡೆ ಹುಡುಕ್ತಾ ಕೂತ್ಲು. ಮಾವ ಕಲ್ಲಿನ ಮೇಲಿದ್ದ ಆರು ಸ್ಕ್ರೂ ಒಂದು ಪೇಪರಲ್ಲಿ ಸುತ್ತಿ ನನ್ನ ಕೈಗೆ ಕೊಟ್ರು.

"ಅಂಗಡಿಯವ್ರಿಗೆ ವಾಪಸ್ ಕೊಟ್ಬಿಡಿ ಅಳಿಯಂದ್ರೇ. ಒಂದು ಓರೆ ಹೊಡ್ದಿದಾರೆ ಅಂತಾನೂ ಹೇಳಿ."